ಕನ್ನಡಿಯೊಂದನ್ನು ಇಳಿಸಲಿಲ್ಲ

ಅವರು ನಿಂತ ನೆಲ ಯಾವಾಗಲೂ ಅಲುಗಾಡುತ್ತಿತ್ತು. ಹೀಗೆ ಶುರು ಮಾಡುವುದೇ ಸರಿ. ಹುಟ್ಟೂರು, ವಯಸ್ಸು, ಮೈಬಣ್ಣದಿಂದ ಶುರು ಮಾಡಿದರೆ ಬೇರೆ ಯಾರೋ ಬಂದು ಕೂತುಬಿಡುತ್ತಾರೆ. ನಮ್ಮ ಮುದ್ರಣಾಲಯದ ಶಹಾಬಾದಿ ಕಲ್ಲಿನ ನೆಲದ ಮೇಲೆ ನಿಂತಾಗಲೂ ಅವರು ಕಾಲು ಅಗಲಿಸಿ, ಸೊಂಟವನ್ನು ಮೇಜಿನ ಅಂಚಿಗೆ ಒತ್ತಿ ನಿಲ್ಲುತ್ತಿದ್ದರು. ಇನ್ನೇನು ಯಾರೋ ಬ್ರೇಕ್ ಹಾಕುತ್ತಾರೆ ಎನ್ನುವ ಹಾಗೆ. ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಚರ್ಮದ ಚೀಲ ಜೋತುಬಿದ್ದು ಆದದ್ದು. ಎಡ ಭುಜವೆಂದು ಬರೆದು ಹೊಡೆದುಹಾಕಿದ್ದೇನೆ. ಬಲವಿದ್ದರೂ ಇರಬಹುದು.

ಬಸ್ ಕಂಡಕ್ಟರ್ ಆಗಿದ್ದರು. ಕಲಬುರಗಿಯಿಂದ ಕಮಲಾಪುರ, ಕಮಲಾಪುರದಿಂದ ಕಲಬುರಗಿ. ನಾಲ್ಕು ಜನ ಕೂಡಿದಲ್ಲೆಲ್ಲ ಅವರ ಬಾಯಿಂದ ತಾನಾಗಿ ಒಂದು ಮಾತು ಬರುತ್ತಿತ್ತು: "ಮುಂದ ಸರೀರಿ, ಮುಂದ ಖಾಲಿ ಅದ." ಬ್ಯಾಂಕಿನ ಸಾಲಿನಲ್ಲಿ ಹೇಳುತ್ತಿದ್ದರು. ಶರಣಬಸವೇಶ್ವರ ಗುಡಿಯಲ್ಲಿ ದರ್ಶನಕ್ಕೆ ನಿಂತಾಗಲೂ ಹೇಳಿದರಂತೆ. ಜನ ನಿಜಕ್ಕೂ ಮುಂದೆ ಸರಿಯುತ್ತಿದ್ದರು. ಮುಂದೆ ಖಾಲಿ ಇರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಶಹಾಬಜಾರದ ಒಂದು ಓಣಿಯಲ್ಲಿ, ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಕೂತು ಮದುವೆ ಪತ್ರಿಕೆ, ರಸೀದಿ ಪುಸ್ತಕ ಜೋಡಿಸುತ್ತಿದ್ದೆ. ಅವರು ಬಂದದ್ದು ಶಿವಗಣಾರಾಧನೆಯ ಆಮಂತ್ರಣ ಮಾಡಿಸಲು. ತೀರಿಕೊಂಡವನು ಅವರ ಗಾಡಿಯ ಡ್ರೈವರ್. ಆ ಮನೆಯವರಿಗೆ ಓಡಾಡಲು ಆಗುತ್ತಿರಲಿಲ್ಲ. ಇವರು ಹೊಸದಾಗಿ ನಿವೃತ್ತರಾಗಿದ್ದರು, ಕೈ ಖಾಲಿ ಇತ್ತು. ಅಂಗಿಯ ಜೇಬಿನಿಂದ ಫೋಟೋ ತೆಗೆದು ಕೊಟ್ಟರು. ನಾನು ಅದನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದೆ.

"ಇವ ಅಲ್ರಿ," ಅಂದರು.

"ಮನ್ಯಾಗ ಕೊಟ್ಟಿದ್ದು ಇದೇ ಫೋಟೋ ಅಲ್ಲೇನ್ರಿ ಕಾಕಾ?"

"ಕೊಟ್ಟಿದ್ದು ಇದೇ. ಖರೆ, ಇವ ಅವ ಅನಸವಲ್ದು."

ಆಮೇಲೆ ಎದ್ದು ಬಂದು, ಒಂದು ಅಂಗೈಯನ್ನು ಪರದೆಯ ಗಾಜಿನ ಮೇಲೆ ಹಣೆಗೆ ಅಡ್ಡ ಇಟ್ಟರು. ಇನ್ನೊಂದನ್ನು ಮೂಗಿನ ಕೆಳಗೆ. ನಡುವೆ ಕಣ್ಣುಗಳ ಒಂದು ಪಟ್ಟಿ ಉಳಿಯಿತು.

"ಹಾಂ," ಅಂದರು. "ಈಗ ಬಂದ ನೋಡ್ರಿ."

ಡ್ರೈವರನ ತಲೆಯ ಮೇಲೆ ಒಂದು ಉದ್ದನೆಯ ಕನ್ನಡಿ ಇರುತ್ತದೆ. ಅವನು ಅದರಲ್ಲಿ ಹಿಂದಿನ ಮಂದಿಯನ್ನು ನೋಡುತ್ತಾನೆ. ಹಿಂದೆ ನಿಂತ ಕಂಡಕ್ಟರಿಗೆ ಅದರಲ್ಲಿ ಅವನ ಕಣ್ಣು ಕಾಣುತ್ತದೆ. ಎಂಜಿನ್ನಿನ ಸದ್ದು, ಮಂದಿಯ ಸದ್ದು. ಇಬ್ಬರ ಮಧ್ಯೆ ಮಾತೆಂಬುದು ಇರಲಿಲ್ಲ. ಹಗ್ಗ ಜಗ್ಗಿ ಒಂದು ಗಂಟೆ ಹೊಡೆದರೆ ನಿಲ್ಲು, ಎರಡು ಹೊಡೆದರೆ ನಡೆ. ಉಳಿದದ್ದೆಲ್ಲ ಆ ಕನ್ನಡಿಯಲ್ಲಿ. ಸಂಜೆ ಹೋದ ಗಾಡಿ ಕಮಲಾಪುರದಲ್ಲೇ ವಸ್ತಿ ಇರುತ್ತಿತ್ತು, ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುತ್ತಿತ್ತು. ಅಲ್ಲಿಯೂ ಡ್ರೈವರ್ ಗಾಡಿಯ ಕೊನೆಯ ಸೀಟಿನಲ್ಲಿ ಮಲಗುತ್ತಿದ್ದ. ಇವರು ಹಣದ ಚೀಲ ತಲೆಯಡಿ ಇಟ್ಟು ಬಸ್ ನಿಲ್ದಾಣದ ಎದುರಿನ ಕೋಣೆಯಲ್ಲಿ. ಇಷ್ಟು ವರ್ಷ ಜೊತೆಗಿದ್ದವನ ಮೂಗು ಬಾಯಿ ಗೊತ್ತಿರಲಿಲ್ಲವೆಂದರೆ ನಂಬಬೇಕೆ? ಆವತ್ತು ನಾನು ನಂಬಲಿಲ್ಲ. ಈಗ ಅವರದೇ ಮುಖವನ್ನು ನೆನೆಯಲು ಕೂತು ನನಗೆ ಸಿಗುವುದು ಒಂದು ಭುಜ, ಅದೂ ಯಾವುದೆಂದು ತಿಳಿಯದ್ದು. ಹಾಗಾಗಿ ನಂಬುತ್ತೇನೆ.

ನಾನು ಅಚ್ಚಿನ ನಮೂನೆ ತೆಗೆಯುವಷ್ಟರಲ್ಲಿ ಅವರು ಕಾಣೆಯಾದರು. ಪಕ್ಕದಲ್ಲೊಂದು ಕಂಪ್ಯೂಟರ್ ಅಂಗಡಿ ಇತ್ತು. ಅದರ ಮಾಲೀಕನನ್ನು ಓಣಿಯೆಲ್ಲ ಭಾಯ್ ಎನ್ನುತ್ತಿತ್ತು. ಗಿರಾಕಿಗಳನ್ನು ಸೆಳೆಯಲು ಅವನು ಹೊರಗಡೆಗೆ ಮುಖ ಮಾಡಿ ಒಂದು ಕಾರ್ ಓಡಿಸುವ ಆಟ ಹಚ್ಚಿಡುತ್ತಿದ್ದ. ಸಮುದ್ರದ ದಂಡೆಯ ಯಾವುದೋ ರಸ್ತೆ. ಪರದೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಉದ್ದನೆಯ ಕನ್ನಡಿ, ಅದರಲ್ಲಿ ಹಿಂದಿನ ರಸ್ತೆ ಓಡುತ್ತಿತ್ತು. ಅವರು ಅದರ ಮುಂದೆ ಕಾಲು ಅಗಲಿಸಿ ನಿಂತಿದ್ದರು.

"ಚಾಚಾ, ಏನ್ ಬೇಕ್ರಿ?" ಭಾಯ್ ಕೇಳಿದ.

"ಇದು."

"ಮಾನಿಟರಾ?"

"ಅಲ್ರಿ. ಈ ರಸ್ತಾ. ಈ ಕನ್ನಡಿ ಸುದ್ದಾ."

"ಅರೇ ಚಾಚಾ, ಏ ತೋ ಬಚ್ಚ್ಯಾಂ ಕಾ ಗೇಮ್ ಹೈ, ಹುಡುಗ್ರ ಆಟ! ನಿಮ್ ಉಮರಿಗೆ ಭಜನಿ ಸಿ.ಡಿ. ಕೊಡ್ತೀನಿ, ಆರಾಮ ಕೇಳ್ಕೋತ ಕೂಡ್ರಿ."

"ಭಜನಿಗಿ ಗುಡಿ ಅದ. ನನಗ ರಸ್ತಾ ಇಲ್ಲ."

ಭಾಯ್ ನನ್ನ ಕಡೆ ನೋಡಿ ಕಣ್ಣು ಹೊಡೆದ. ನಾನೂ ನಕ್ಕಿರಬೇಕು.

ಮುಚ್ಚಿಹೋದ ಒಂದು ಇಂಟರ್ನೆಟ್ ಅಂಗಡಿಯ ಹಳೆಯ ಕಂಪ್ಯೂಟರ್ ಅಗ್ಗಕ್ಕೆ ಸಿಕ್ಕಿತು. ಆದರೆ ಈ ಆಟಕ್ಕೆ ಚಿತ್ರ ಬಿಡಿಸಿಕೊಡುವ ಬೇರೆಯದೇ ಒಂದು ಭಾಗ ಬೇಕು, ಗ್ರಾಫಿಕ್ಸ್ ಕಾರ್ಡು. ಅವರ ಕೈಗೆಟುಕುವಂಥವು ಎರಡಿದ್ದವು. ಒಂದರ ಡಬ್ಬಿಯ ಮೇಲೆ ಅರವತ್ನಾಲ್ಕು ಎಂ.ಬಿ. ಎಂದಿತ್ತು, ಇನ್ನೊಂದರ ಮೇಲೆ ನೂರಿಪ್ಪತ್ತೆಂಟು. ಬೆಲೆಯಲ್ಲಿ ಹೆಚ್ಚು ಫರಕಿರಲಿಲ್ಲ. ಅವರು ಎರಡೂ ಡಬ್ಬಿಗಳನ್ನು ಕೈಯಲ್ಲಿ ತೂಗಿ ನೋಡಿ ದೊಡ್ಡ ಅಂಕಿಯದನ್ನು ಮೇಜಿನ ಮೇಲಿಟ್ಟರು.

"ಸೀಟು ಜಾಸ್ತಿ ಇದ್ದ ಗಾಡಿನೇ ಇರ್ಲಿ."

ಭಾಯ್ ಆ ಅಂಕಿಯ ಬಗ್ಗೆ ಏನೂ ಹೇಳಲಿಲ್ಲ, ಮಾರುವವನು ಯಾಕೆ ಹೇಳುತ್ತಾನೆ. ಅವರು ಚೌಕಾಸಿಯನ್ನೂ ಮಾಡಲಿಲ್ಲ. ಮಾಡಬೇಕಿತ್ತೆಂದು ನಾನು ಹೇಳಿದ್ದಕ್ಕೆ, "ಟಿಕೀಟಿನ್ಯಾಗ ಚೌಕಾಸಿ ಇರ್ತದೇನ್ರಿ?" ಎಂದು ನನ್ನನ್ನೇ ಗದರಿದರು.

ಯಂತ್ರ ಕಮಲಾಪುರಕ್ಕೆ ಹೋಯಿತು. ವಸ್ತಿ ಇರುತ್ತಿದ್ದ ಅದೇ ಕೋಣೆಗೆ. ನಿವೃತ್ತಿಯ ನಂತರ ಅದನ್ನು ಬಾಡಿಗೆಗೆ ಹಿಡಿದು ಅಲ್ಲೇ ಉಳಿದಿದ್ದರು. ಕೆಳಗೆ ಗೊಬ್ಬರದ ಅಂಗಡಿ, ಎದುರಿಗೆ ಕೆಂಪು ಬಾಳೆಗೊನೆ ತೂಗುಹಾಕಿದ ಗಾಡಿಗಳು, ಆಚೆ ಬಸ್ ನಿಲ್ದಾಣ. ಹೆಂಡತಿ ತಾಜಸುಲ್ತಾನಪುರದಲ್ಲಿ ಮಗಳ ಮನೆಯಲ್ಲಿದ್ದರು. ಯಾಕೆ ಹೀಗೆಂದು ನಾನು ಕೇಳಿದ್ದು ಒಮ್ಮೆ ಮಾತ್ರ. "ಅಕಿ ಅಲ್ಲಿ ಆರಾಮ ಅದಾಳ. ನನಗ ಈ ಕ್ವಾಣಿ ಬಿಟ್ರ ನಿದ್ದಿ ಬರಾಂಗಿಲ್ಲ," ಅಂದರು. ಜಗಳವಾಗಿತ್ತು ಅಂದವರಿದ್ದಾರೆ. ಏನೂ ಆಗಿರಲಿಲ್ಲ, ಅದೇ ತೊಂದರೆ ಅಂದವರೂ ಇದ್ದಾರೆ.

ಒಂದು ವಾರಕ್ಕೆ ಮುದ್ರಣಾಲಯಕ್ಕೆ ಫೋನ್ ಬಂತು. "ಗಾಡಿ ಝಟಕಾ ಹೊಡ್ಯಾಕತ್ತದ್ರಿ. ಮುಂದಿಂದು ಹ್ಯಾಂಗರ ಇರ್ಲಿ. ಕನ್ನಡ್ಯಾಗಿಂದು ತಡಾ ಆಗಿ ಬರ್ತದ." ಭಾನುವಾರ ಹೋದೆ. ಬಸ್ಸಿನಿಂದ ಇಳಿದಾಗ ನಿಲ್ದಾಣದಲ್ಲೇ ನಿಂತಿದ್ದರು. ಯಾರನ್ನೋ ಕರೆಯಲು ಬಂದವರ ಹಾಗಲ್ಲ, ಬಸ್ಸನ್ನೇ ಕರೆಯಲು ಬಂದವರ ಹಾಗೆ.

ಆಟ ನಿಜಕ್ಕೂ ತಡವರಿಸುತ್ತಿತ್ತು. ರಸ್ತೆ ಒಂದಿಷ್ಟು ಓಡುವುದು, ಬಿಕ್ಕುವುದು, ಮತ್ತೆ ಓಡುವುದು. ಅವರ ಕಾರ್ಡಿನಲ್ಲಿ ನೆನಪಿನ ಜಾಗವೇನೋ ದೊಡ್ಡದು, ಆದರೆ ಅಲ್ಲಿಗೆ ಹೋಗಿಬರುವ ದಾರಿ ಇನ್ನೊಂದರ ಅರ್ಧದಷ್ಟು ಅಗಲವೆಂದು ತಿಳಿಸಿದೆ. ಅವರು ಹಣೆ ಬಡಿದುಕೊಂಡರು.

"ಅಂದ್ರ, ಸೀಟು ಭಾಳ, ಬಾಗಲಾ ಒಂದೇ. ಇಷ್ಟ ವರ್ಷ ಮಂದಿ ಹತ್ತಸಿ ಇಳಸಿ, ಈಗ ಸೀಟ್ ನೋಡಿ ಗಾಡಿ ತಗೊಂಡೆನಲ್ರಿ!"

ಬದಲಿಸಲು ಕಾರ್ಡನ್ನು ಭಾಯ್ ಹತ್ತಿರ ಒಯ್ಯಬೇಕು. ಅವನು ಒಪ್ಪುತ್ತಾನೋ ಇಲ್ಲವೋ. ಅಲ್ಲಿಯವರೆಗೆ ಇದ್ದುದರಲ್ಲೇ ಆಟವನ್ನು ಹಗುರ ಮಾಡಬಹುದೇ ನೋಡೋಣವೆಂದು ಸೆಟ್ಟಿಂಗ್ ತೆರೆದೆ. ಅವರು ಹಿಂದಿನ ಮಂಚದ ಮೇಲೆ ಕೂತರು. ಏರು ಹತ್ತಲಾರದ ಗಾಡಿಯಿಂದ ಮಂದಿಯನ್ನು ಇಳಿಸುವ ಹಾಗೆ ಶುರುವಾಯಿತು.

"ಮೊದಲ ನೆಳ್ಳು ತೆಗೀತೀನ್ರಿ ಕಾಕಾ. ನೆಳ್ಳು ಭಾಳ ತಿಂತದ."

"ಇಳಸ್ರಿ."

"ಹೊಗಿ?"

"ಡಿಪೋದಾಗ ಕುಡದೀವಿ ಸಾಕಾಗೂವಷ್ಟು. ಇಳಸ್ರಿ."

"ಗಿಡಾ?"

ಅದಕ್ಕೆ ಯೋಚನೆ ಮಾಡಿದರು. "ನೆಳ್ಳು ಮೊದಲೇ ಇಳಸೀರಿ, ಇನ್ನ ಗಿಡಾ ಇದ್ದು ಏನ್ ಮಾಡ್ತದ. ಇಳಸ್ರಿ."

ಚಿತ್ರದ ಗಾತ್ರ ಇಳಿಸಿದೆ. ಬಣ್ಣ ಇಳಿಸಿದೆ. ದೂರ ಎಷ್ಟು ಕಾಣಬೇಕೆಂಬುದನ್ನು ಇಳಿಸಿದಾಗ ಸಮುದ್ರ ಹೋಯಿತು. ರಸ್ತೆ ಒಂದಿಷ್ಟು ಮುಂದೆ ಮಾತ್ರ ಹುಟ್ಟುತ್ತ ಬಂತು, ಅದರಾಚೆ ಬೂದು. ಎದುರಾಳಿಗಳ ಕಾರುಗಳು ಹೋದವು. ಉಳಿದದ್ದು ರಸ್ತೆಯ ಬದಿಯಲ್ಲಿ ನಿಂತು ಕೈ ಬೀಸುವ ಜನ.

"ಇವರು ಹತ್ತೂದಿಲ್ಲ ಹೌದಲ್ರಿ?"

"ಇಲ್ರಿ. ರೇಸ್ ನೋಡಾಕ ನಿಂತಾರ."

"ಹಂಗಾದ್ರ ಅವರನ್ನ ಮೊದಲ ಇಳಸಬೇಕಿತ್ತು. ವಾರದಿಂದ ಹೈರಾಣ ಆಗೀನಿ. ಕೈ ಮಾಡಿದವರನ್ನ ಬಿಟ್ಟು ಹೋಗೂದು ನನ್ನ ಕೈಲೆ ಆಗೂದಿಲ್ರಿ."

ಇಷ್ಟಾದರೂ ತಡವರಿಕೆ ಪೂರ್ತಿ ಹೋಗಲಿಲ್ಲ. ನನಗೆ ಕಾರಣ ಮೊದಲಿನಿಂದಲೂ ಗೊತ್ತಿತ್ತು.

"ಕನ್ನಡಿ ತೆಗೀಬೇಕ್ರಿ ಕಾಕಾ. ಮುಂದಿನ ರಸ್ತಾ ಒಮ್ಮೆ, ಹಿಂದಿನ ರಸ್ತಾ ಒಮ್ಮೆ, ಎರಡೆರಡ ಸಲ ಬರೀಬೇಕಾಗ್ತದ ಇದಕ್ಕ. ಅದೊಂದು ತೆಗದ್ರ ಬೆಣ್ಣಿ ಜಾರಿದಂಗ ಓಡ್ತದ."

"ಅದೊಂದು ಬಿಟ್ಟು ಮಾತಾಡ್ರಿ."

"ಆಡೂ ಹುಡುಗ್ರು ಎಲ್ಲಾರೂ ಮೊದಲ ಅದನ್ನ ತೆಗೀತಾರ್ರಿ."

ಅವರು ಸಿಟ್ಟಾದರೆಂದು ಬರೆದರೆ ಸುಳ್ಳು. ಮಂಚದಿಂದ ಎದ್ದು ಕಿಟಕಿಗೆ ಹೋಗಿ, ಕೆಳಗೆ ಹೊರಡಲು ನಿಂತಿದ್ದ ಬಸ್ಸನ್ನು ನೋಡುತ್ತ, ನನಗೆ ಹೇಳದ ಹಾಗೆ ಹೇಳಿದರು. ಮಹಾಗಾಂವ್ ಕ್ರಾಸಿನಲ್ಲಿ ಅವರು ಕೆಳಗಿಳಿದು ಒಬ್ಬ ಮುದುಕಿಯ ಗಂಟು ಮೇಲೆ ಹಾಕಿಸುತ್ತಿದ್ದಾಗ, ಕಾಲೇಜಿನ ಯಾವನೋ ಹುಡುಗ ಕುಚೋದ್ಯಕ್ಕೆ ಹಗ್ಗ ಜಗ್ಗಿ ಎರಡು ಗಂಟೆ ಹೊಡೆದ. ಗಾಡಿ ಕದಲಲಿಲ್ಲ. ಹುಡುಗ ಮತ್ತೆ ಹೊಡೆದ. ಮಂದಿ ಕೂಗಾಡಿದರು. ಡ್ರೈವರ್ ಕೂತೇ ಇದ್ದ, ಕನ್ನಡಿ ನೋಡುತ್ತ.

"ಗಂಟಿ ಕೇಳಿ ಹೋಗವ ಅಲ್ಲ ಅವ. ನಾ ಕನ್ನಡ್ಯಾಗ ಬಂದ ಮ್ಯಾಲೇ ಗೇರ್ ಹಾಕ್ತಿದ್ದ. ಒಂದ ದಿನಾನೂ ಬಿಟ್ಟು ಹೋಗ್ಲಿಲ್ಲ. ಈಗ..." ಕೈಯನ್ನು ಕಿಟಕಿಯ ಹೊರಗೆ ಬೀಸಿದರು. ಕೆಳಗಿನ ಬಸ್ಸು ಹೊರಟುಹೋಯಿತು. "ಕನ್ನಡಿ ಇರ್ಲಿ. ಝಟಕಾ ಹೊಡೀಬಾರದು. ಎರಡೂ ಆಗಬೇಕ್ರಿ."

ಆಗದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ. ಕೋಣೆಯನ್ನು ನೋಡಿದರೆ ತಿಳಿಯುತ್ತಿತ್ತು. ಒಂದು ಮಂಚ, ಒಂದು ಸ್ಟೋವು, ಗೋಡೆಗೆ ಖಾಕಿ ಅಂಗಿ. ಮಾತಾಡಿಸುವವರಿಲ್ಲದ ದಿನ ಅವರು ನಿಲ್ದಾಣಕ್ಕೆ ಹೋಗಿ ಬೇರೆ ಕಂಡಕ್ಟರುಗಳ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುತ್ತಿದ್ದರಂತೆ. ಆಮೇಲೆ ಆ ಕಂಡಕ್ಟರುಗಳೇ ಬೇಡವೆಂದರು.

ಭಾಯ್ ಕಾರ್ಡು ಬದಲಿಸಿಕೊಟ್ಟ. ಬಹಳ ಗೊಣಗಿದ. "ಡಬ್ಬಾ ಹರದದ, ಯಾರ್ ತಗೋತಾರ ಚಾಚಾ ಇದನ್ನ?" ಆದರೂ ಕೊಟ್ಟ, ಮತ್ತು ಒಂದು ಸಣ್ಣ ಫ್ಯಾನ್ ಬಿಟ್ಟಿ ಹಾಕಿಕೊಟ್ಟ. ಅವನು ಇಷ್ಟು ಒಳ್ಳೆಯವನಾಗಿದ್ದ ನೆನಪು ನನಗೆ ಬೇರೆಲ್ಲೂ ಇಲ್ಲ. ಫ್ಯಾನ್ ನಾನೇ ಕೊಂಡು ಹಾಕಿದ್ದೆನೋ ಏನೋ.

ಚಿಕ್ಕ ಅಂಕಿಯ, ಅಗಲ ಬಾಗಿಲಿನ ಕಾರ್ಡು ಹಾಕಿ, ಇಳಿಸಿದವರನ್ನೆಲ್ಲ ಕೆಳಗೇ ಬಿಟ್ಟು, ಕನ್ನಡಿಯೊಂದನ್ನು ಇಟ್ಟುಕೊಂಡು ಆಟ ಹಚ್ಚಿದೆ. ರಸ್ತೆ ಹರಿಯಿತು. ಕನ್ನಡಿಯಲ್ಲೂ ಹರಿಯಿತು, ಮುಂದಿನದು ಮತ್ತು ಹಿಂದಿನದು ಒಟ್ಟಿಗೆ, ಒಂದೇ ಉಸಿರಿನಲ್ಲಿ. ಮರವಿಲ್ಲ, ಮನುಷ್ಯನಿಲ್ಲ, ಮೋಡವಿಲ್ಲ. ಅಂಥ ಬರಿದಾದ ರಸ್ತೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ನಾನು ಕುರ್ಚಿ ಬಿಟ್ಟು ಎದ್ದೆ.

"ಬರ್ರಿ ಕಾಕಾ, ಹೊಡೀರಿ."

"ನಾ ಎಲ್ಲಿ ಡ್ರೈವರ್ರಿ? ನೀವು ಕೂಡ್ರಿ." ಮಂಚದ ಮೇಲೆ ಸರಿದು ಬೆನ್ನು ಗೋಡೆಗೊತ್ತಿದರು. "ಎಡಕ್ಕ ಹಿಡೀರಿ. ಸಾವಕಾಶ. ಇದು ರೇಸ್ ಅಲ್ಲ, ರೂಟ್."

ಹೊಡೆದೆ. ಒಂದು ತಿರುವಿನಲ್ಲಿ, "ಮಹಾಗಾಂವ್ ಕ್ರಾಸ್, ನಿಂದ್ರಸ್ರಿ," ಅಂದರು.

"ಯಾರೂ ಇಲ್ರಿ ಕಾಕಾ."

"ಹತ್ತವರು ಇಲ್ಲ. ಇಳಿಯವರು ಇರ್ತಾರ."

ಸುತ್ತು ಮುಗಿದ ಕೂಡಲೇ ಗಾಡಿ ತಿರುಗಿಸಲು ಹೇಳಿದರು. ಹಿಂದಕ್ಕೆ ಹೊರಟರೆ ಪರದೆಯ ತುಂಬ ಕೆಂಪಕ್ಷರದಲ್ಲಿ ತಪ್ಪು ದಿಕ್ಕು ಎಂದು ಬರತೊಡಗಿತು. "ಹೋದ ಗಾಡಿ ಹೊಳ್ಳಿ ಬರಬೇಕಲ್ಲ, ಇದಕ್ಕೇನ್ ತಿಳೀತದ," ಅಂದರು. ಹಾಗೆ ಆ ಕೆಂಪಕ್ಷರಗಳ ಕೆಳಗೇ ಎಡಕ್ಕೆ ಹಿಡಿದು ಕಲಬುರಗಿಗೆ ಬಂದೆವು.

ಒಂದು ಮಾತನ್ನು ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಕೊನೆಗೆ ಹೇಳಿದೆ. "ಇದು ಹೊರಗಿನ ರಸ್ತಾ ತೋರ್ಸೂ ಕನ್ನಡಿರಿ ಕಾಕಾ. ಇದರಾಗ ನೀವು ಕಾಣೂದಿಲ್ಲ."

"ಗೊತ್ತದ. ನಾ ಹುಚ್ಚ ಅಲ್ಲ." ಗೋಡೆಗೆ ಒರಗಿದಂತೆಯೇ, "ಆದ್ರ ನಿಮ್ಮ ಕಣ್ಣು ಮ್ಯಾಲ ಹೋಗ್ತದಲ್ಲ, ಆಗೊಮ್ಮೆ ಈಗೊಮ್ಮೆ," ಅಂದರು.

ಆಮೇಲೆ ಕೆಲವು ಭಾನುವಾರ ಹೋದೆ. ನಾನು ಹೋಗದ ದಿನ ಅವರು ಆಟವನ್ನು ಅದರಷ್ಟಕ್ಕೇ ಬಿಟ್ಟು ನೋಡಿದರು. ಯಾರೂ ಮುಟ್ಟದಿದ್ದರೆ ಅದು ತಾನೇ ಓಡುತ್ತಿತ್ತು. ಆದರೆ ಆಗ ನೋಟ ಕಾರಿನ ಹೊರಗೆ ಹೋಗಿಬಿಡುವುದು, ಕನ್ನಡಿ ಇರುವುದಿಲ್ಲ. ಕನ್ನಡಿ ಬೇಕಾದರೆ ಮುಂದೆ ಒಬ್ಬರು ಕೂರಲೇಬೇಕು. ಗೊಬ್ಬರದ ಅಂಗಡಿಯವನನ್ನು ಕರೆದರು, ಬಾಳೆಹಣ್ಣಿನವನನ್ನು ಕರೆದರು. "ಬರ್ರಿ, ಹಂಗೇ ಒಂದ್ ಟ್ರಿಪ್ ಹೊಡೀರಿ." ಅವರೆಲ್ಲ ಜೋರಾಗಿ ಓಡಿಸಿ ನಕ್ಕು ಹೋದರು. ನಿಲ್ಲಿಸು ಅಂದಲ್ಲಿ ನಿಲ್ಲಿಸುವಷ್ಟು ಪುರುಸೊತ್ತು ಯಾರಿಗಿತ್ತು. ಬಾಳೆಹಣ್ಣಿನವನು ನನಗೆ ಹೇಳಿದ: "ಕುದರಿ ಕೊಟ್ಟು ಕತ್ತಿ ನಡದಂಗ ನಡಸು ಅಂತಾರ್ರಿ ಆ ಕಾಕಾ."

ಮುದ್ರಣಾಲಯದಲ್ಲಿ ಕೆಲಸ ಹೆಚ್ಚಾಯಿತು. ಹೋಗುವುದು ಕಡಿಮೆಯಾಯಿತು. ಇಲ್ಲಿ ನನ್ನ ನೆನಪು ಒಂದು ಕೊನೆಯ ಭೇಟಿಯನ್ನು, ಬೀಳ್ಕೊಡುವ ಒಂದು ಮಾತನ್ನು ಕಟ್ಟಿಕೊಡಲು ನೋಡುತ್ತದೆ. ಅಂಥದ್ದು ನಡೆಯಲಿಲ್ಲ. ಯಾವುದೋ ಒಂದು ಭಾನುವಾರ ಕೊನೆಯದಾಗಿತ್ತು, ಅಷ್ಟೇ.

ಅವರು ತೀರಿಹೋದ ಸುದ್ದಿ ಕೊಟ್ಟದ್ದು ಗೊಬ್ಬರದ ಅಂಗಡಿಯವನು, ಕೋಣೆ ಖಾಲಿ ಮಾಡಬೇಕು, ಯಂತ್ರ ಬಿಚ್ಚಿಕೊಡಿ ಎಂದು ಫೋನ್ ಮಾಡಿದಾಗ. ಹೋದೆ. ಅವರ ಹೆಂಡತಿ ತಾಜಸುಲ್ತಾನಪುರದಿಂದ ಬಂದಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ತಲೆಯ ಮೇಲೆ ಸೆರಗು, ಚುರುಕು ಕೈ. ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ಕೇಳಿದರು:

"ನೀವೇ ಏನ್ರಿ ಗಾಡಿ ಹೊಡ್ಯವರು?"

"ಹೌದ್ರಿ ಅವ್ವಾ, ಆಗೊಮ್ಮೆ ಈಗೊಮ್ಮೆ."

"ಇದರಾಗ ಏನ್ ನೋಡ್ತಿದ್ರು ಅವರು?"

ಹೇಳುವುದಕ್ಕಿಂತ ತೋರಿಸುವುದೇ ವಾಸಿ ಅನಿಸಿ ಆಟ ಹಚ್ಚಿದೆ. ಅವರು ಪಾತ್ರೆ ಬಿಟ್ಟು ಬಂದು ನಿಂತರು. ಬೂದಿಯಂಥ ಬಯಲು, ರಸ್ತೆ, ಮೇಲೆ ಕನ್ನಡಿ. ಕನ್ನಡಿ ನೋಡಿದ ಕೂಡಲೇ ಅವರಿಗೆ ನಗು ಬಂತು.

"ಒಮ್ಮೆ ಅವರ ಬಸ್ ಹತ್ತಿದ್ದೆ ನೋಡ್ರಿ. ಮದಿವಿ ಆದ ಹೊಸತಾಗಿ, ತೌರಮನಿಗಿ ಹೋಗಿ ಹೊಳ್ಳಿ ಬರೂ ಮುಂದ. ಬಂದು ನಿಂತು, ಎಲ್ಲಿಗ್ರೀ? ಅಂದ್ರು. ಕಟಗೊಂಡಾಕಿಗಿ! ಟಿಕೀಟ್ ಹರದು ಕೊಟ್ಟು, ಮುಂದ ಸರೀರಿ ಅಂದು ಹೋದ್ರು. ಹೊಳ್ಳಿ ನೋಡ್ಲಿಲ್ಲ. ನಾ ಇನ್ನೊಮ್ಮೆ ಆ ಬಸ್ ಹತ್ತಲೇ ಇಲ್ಲ."

"ಡ್ಯೂಟಿ ಮ್ಯಾಲಿದ್ರಲ್ರಿ," ಅಂದೆ.

"ಡ್ಯೂಟಿ ಮುಗದ ಮ್ಯಾಲೂ ಹಂಗೇ ಇದ್ರು ಬಿಡ್ರಿ." ಸೆರಗಿನಿಂದ ಮೇಲಿನ ತುಟಿ ಒರೆಸಿಕೊಂಡರು. "ಖರೆ, ಆ ಡ್ರೈವರ್ ನೋಡ್ದ. ಕನ್ನಡ್ಯಾಗ. ನಾ ಯಾರು ಅಂತ ಅವಗ ಯಾರ್ ಹೇಳಿದ್ರೋ. ನಮ್ಮ ಓಣಿ ಮುಂದ ಸ್ಟಾಪ್ ಇಲ್ಲ. ಗಂಟಿನೂ ಯಾರೂ ಹೊಡೀಲಿಲ್ಲ. ಗಾಡಿ ಬಂದು ಬರೋಬ್ಬರಿ ಓಣಿ ಬಾಯಿಗೇ ನಿಂತು. ಇವರು ಹಿಂದ ಬಾಗಲಾ ಹಿಡಕೊಂಡು, ಯಾಕ ನಿಂತು ಅಂತ ಮ್ಯಾಲ ನೋಡಾಕತ್ತಿದ್ರು. ನಾ ಇಳದ ಹೋದೆ."

ಅವರು ಪರದೆಯ ಎದುರಿನ ಖಾಲಿ ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು.

"ನಡಸ್ರಿ, ನೋಡ್ತೀನಿ."

ಕೂತೆ. ಅವರು ಹಿಂದೆ ಹೋಗಿ ಮಂಚದ ಮೇಲೆ ಕೂತ ಸದ್ದು ಕೇಳಿತು. ಹಾಸಿಗೆ ಸುತ್ತಿಟ್ಟಿದ್ದರಿಂದ ಬರೀ ಕಬ್ಬಿಣದ ಸದ್ದು. ನಾನು ಎಡಕ್ಕೆ ಹಿಡಿದು ಸಾವಕಾಶ ಹೊರಟೆ. ಮೊದಲ ತಿರುವು ಬಂತು, ಎರಡನೆಯದು ಬಂತು. ಹಿಂದಿನಿಂದ ಏನೂ ಕೇಳಲಿಲ್ಲ. ಅಳುತ್ತಿದ್ದಾರೋ, ಎದ್ದು ಹೋದರೋ ತಿಳಿಯದೆ ನಾನು ಕನ್ನಡಿಯ ಕಡೆ ಕಣ್ಣೆತ್ತಿದೆ. ಅಲ್ಲಿ ರಸ್ತೆ ಮಾತ್ರ ಇತ್ತು.

"ಸಾಕು," ಅಂದರು ಅವರು. "ನನ್ನ ಇಲ್ಲೇ ಇಳಸ್ರಿ."

ಅಲ್ಲಿ ಊರಿರಲಿಲ್ಲ, ಕ್ರಾಸಿರಲಿಲ್ಲ, ನಿಲ್ಲುವುದಕ್ಕೆ ಒಂದು ಮರವೂ ಇರಲಿಲ್ಲ. ನಾನು ಗಾಡಿಯನ್ನು ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಕನ್ನಡಿಯಲ್ಲಿನ ರಸ್ತೆಯೂ, ಒಂಚೂರೂ ತಡವರಿಸದೆ, ನಿಂತಿತು.